ಎಲಿಫಾಸಿ ಮೇಷ್ಟರು ನಗದೆ ಹೇಳಿದ ಮಾತು

ಎಲಿಫಾಸಿ ಸೆಂಕೊಂಡೊ ನಮ್ಮ ಶಾಲೆಯ ಬೇಸಾಯದ ಮೇಷ್ಟರು. ಪಾರೆ ಬೆಟ್ಟದ ನೆತ್ತಿಯಲ್ಲಿದ್ದ ಆ ಶಾಲೆಗೆ ಅವರು ಬಂದ ಮೇಲೆ ಮಕ್ಕಳಿಗೆ ಗೊಬ್ಬರದ ಪಾಠವೆಂದರೆ ಹಬ್ಬವಾಗಿಬಿಟ್ಟಿತು. ಗೊಬ್ಬರದ ಗುಂಡಿಯ ಒಳಗೆ ಬಿಸಿ ಇರುತ್ತದೆಂದು ಬೋರ್ಡಿನ ಮೇಲೆ ಬರೆದು ಮುಗಿಸುವವರಲ್ಲ ಅವರು. ಒಬ್ಬೊಬ್ಬರ ಕೈಯನ್ನೂ ಮೊಣಕೈವರೆಗೆ ಅದರೊಳಗೆ ಹಾಕಿಸಿ, "ಒಳಗೆ ನಿಮ್ಮಜ್ಜಿ ಗಂಜಿ ಕಾಯಿಸ್ತಿದಾಳೆ, ಸುಮ್ನೆ ಕಲಕಬೇಡ್ರೋ, ಬೈತಾಳೆ" ಎನ್ನುವರು. ಮಕ್ಕಳು ನಕ್ಕು ನಕ್ಕು ಆ ಗೊಬ್ಬರದ ಮೇಲೇ ಕುಳಿತುಬಿಡುತ್ತಿದ್ದರು.

ಆಳು ಉದ್ದ, ಸಣಕಲು. ಪ್ಯಾಂಟು ಯಾವಾಗಲೂ ಕಣಕಾಲಿನ ಮೇಲೆ. ಕಿವಿಗಳು ಎಷ್ಟು ಅಗಲವೆಂದರೆ, ಮೇಷ್ಟರು ಬರುವುದಕ್ಕೆ ಮೊದಲೇ ಅವು ತರಗತಿಯ ಬಾಗಿಲು ದಾಟುತ್ತವೆಂದು ಹುಡುಗರು ಹೇಳುತ್ತಿದ್ದರು. ಈ ಮಾತನ್ನು ಹುಡುಗರಿಗೆ ಕಲಿಸಿಕೊಟ್ಟವರೂ ಅವರೇ. ಬಾಯಿಗೆ ಬಿಡುವೆಂಬುದು ಇರಲಿಲ್ಲ. ಆಡಿದ ಮಾತಿನ ಕೊನೆಗೆ ಒಂದು ನಗೆಯನ್ನು ಬಾಲದಂತೆ ಕಟ್ಟದೆ ಬಿಡುತ್ತಲೂ ಇರಲಿಲ್ಲ.

ಇದರಿಂದ ಆದ ತೊಂದರೆಯೇನೆಂದರೆ, ಅವರು ನಿಜ ಹೇಳಿದಾಗ ಯಾರೂ ನಂಬುತ್ತಿರಲಿಲ್ಲ. ಒಮ್ಮೆ ಅವರ ಮನೆಯ ಅಡುಗೆಕೋಣೆಯ ಮಾಡಿಗೆ ಬೆಂಕಿ ಬಿತ್ತು. ಓಡಿ ಹೋಗಿ ತಾಯಿಗೆ ಹೇಳಿದರು. ಅಂಗಳದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಆ ತಾಯಿ, "ಒಳ್ಳೇದಾಯ್ತು, ಅದರಲ್ಲೇ ಎರಡು ತೆನೆ ಸುಟ್ಕೊಂಡು ತಿನ್ನು" ಎಂದು ತನ್ನ ಪಾಡಿಗೆ ಕಾಯಿ ಬಿಡಿಸುತ್ತಲೇ ಇದ್ದರು. ಅರ್ಧ ಮಾಡು ಉರಿದುಹೋಯಿತು.

ಮದುವೆಯ ವಿಷಯದಲ್ಲೂ ಅದೇ ಕಥೆ. ಬಂಧುಗಳು ಎಷ್ಟೋ ಕಡೆ ಹೆಣ್ಣು ನೋಡಲು ಕರೆದೊಯ್ದರು. ಇವರು ಹೋದ ಮನೆಯಲ್ಲೆಲ್ಲ ಹೆಣ್ಣು ನಕ್ಕಳು, ಹೆಣ್ಣಿನ ತಾಯಿ ನಕ್ಕಳು, ತೊಟ್ಟಿಲಲ್ಲಿದ್ದ ಕೂಸೂ ನಕ್ಕಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಆ ಮೇಲೆ ನೋಡಿದರೆ, ಹೆಣ್ಣು ಕೇಳುವುದೇ ಆಗಿರಲಿಲ್ಲ. ಕೇಳಿದ್ದರೂ ಯಾರೂ ಅದನ್ನು ಕೇಳಿದಂತೆ ತೆಗೆದುಕೊಂಡಿರಲಿಲ್ಲ. ಹೀಗೆ ಅವರಿಗೆ ನಲವತ್ತು ದಾಟಿತು.

ಪ್ರತಿ ವರ್ಷ ಮೇಲಿನ ತರಗತಿಯ ಮಕ್ಕಳನ್ನು ಕಿಲಿಮಂಜಾರೋ ತಪ್ಪಲಿನ ಕೃಷಿ ಸಂಶೋಧನಾ ಕಾಲೇಜಿಗೆ ಕರೆದುಕೊಂಡು ಹೋಗುವುದು ನಮ್ಮ ಶಾಲೆಯ ರೂಢಿ. ಶುಂಠಿ ಸಾಗಿಸುವ ಲಾರಿಯೊಂದನ್ನು ಗೊತ್ತುಮಾಡಿ, ಹಿಂದೆ ಹಲಗೆ ಹಾಸಿ, ಮಕ್ಕಳನ್ನು ತುಂಬಿ, ಮಧ್ಯದಲ್ಲಿ ಮಕಾಂಡೆಯ ದೊಡ್ಡ ಹಂಡೆಯನ್ನು ಇಡುತ್ತಿದ್ದೆವು. ಮೆಕ್ಕೆಜೋಳದ ಕಾಳನ್ನೂ ಹುರುಳಿಕಾಯಿಯ ಬೀಜವನ್ನೂ ಕೂಡಿಸಿ ಬೇಯಿಸಿದ ಮಕಾಂಡೆಯಿಲ್ಲದೆ ಪಾರೆಯವರು ಬೆಟ್ಟ ಇಳಿಯುವುದಿಲ್ಲ. ಲಾರಿ ತಿರುವಿನಲ್ಲಿ ವಾಲಿದಾಗಲೆಲ್ಲ ಮಕ್ಕಳು ಒಬ್ಬರನ್ನೊಬ್ಬರು ಬಿಟ್ಟು ಹಂಡೆಯನ್ನು ಹಿಡಿದುಕೊಳ್ಳುತ್ತಿದ್ದರು.

ನಾನು ಹೇಳುತ್ತಿರುವ ವರ್ಷ, ಲಾರಿ ಹೊರಟು ಮಕ್ಕಳ ಹಾಡು ಶುರುವಾದ ಮೇಲೆ, ಎಲಿಫಾಸಿ ಮೇಷ್ಟರು, ಅದೇ ಶಾಲೆಯ ಹಿರಿಯ ಮೇಷ್ಟರಾದ ನನ್ನ ಕಿವಿಯ ಹತ್ತಿರ ಬಾಗಿದರು.

"ಅಣ್ಣಾ, ಇವತ್ತು ಐಕಾಂಡೆನ ಕೇಳಿಬಿಡ್ತೀನಿ."

"ಏನಂತ?"

"ಮದುವೆಯಾಗ್ತೀಯಾ ಅಂತ. ಅವಳನ್ನ ದಕ್ಷಿಣದ ಕಡೆ ವರ್ಗ ಮಾಡ್ತಾರಂತೆ. ಬರೋ ವರ್ಷ ಬಂದ್ರೆ ಇರಲ್ಲ. ಇವತ್ತು ಕೇಳ್ಲಿಲ್ಲ ಅಂದ್ರೆ ಮುಗೀತು."

ನಾನು ನಕ್ಕೆ. ಅವರ ಮುಖ ಸಣ್ಣದಾಯಿತು. "ನೋಡಿದ್ರಾ? ನೀವೂ ನಗ್ತೀರಿ," ಎಂದರು. ಆಗಲೇ ನನಗೆ ಅವರು ಹೇಳಿದ್ದು ನಿಜವೆಂದು ಹೊಳೆದದ್ದು.

ಐಕಾಂಡೆ ಶಾವೊ ಆ ಕಾಲೇಜಿನ ಬಾಳೆ ವಿಭಾಗದಲ್ಲಿ ಕಲಿಸುತ್ತಿದ್ದವಳು. ಹಿಂದಿನ ವರ್ಷ ನಮಗೆ ತೋಟ ತೋರಿಸಿದ್ದವಳೂ ಅವಳೇ. ಅವಳು ಕಿಲಿಮಂಜಾರೋ ತಪ್ಪಲಿನ ಚಾಗ್ಗ ಕುಲದ ಹೆಣ್ಣು, ಇವರು ನಮ್ಮ ಪಾರೆ ಕುಲದ ಗಂಡು. ಬೇರೆ ಯಾವ ಕುಲದವಳಾಗಿದ್ದರೂ ಕೇಳುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ. ನಮಗೂ ಚಾಗ್ಗರಿಗೂ ಅಜ್ಜಂದಿರ ಕಾಲದಿಂದ ಉತಾನಿ. ಅಂದರೆ, ಅತ್ತೆಯ ಮಕ್ಕಳೂ ಮಾವನ ಮಕ್ಕಳೂ ಕಾಡಿಕೊಳ್ಳುವ ಹಾಗೆ, ಎದುರಾದಲ್ಲೆಲ್ಲ ಒಬ್ಬರನ್ನೊಬ್ಬರು ಹೀಯಾಳಿಸಬೇಕು, ಯಾರೂ ಸಿಟ್ಟು ಮಾಡಿಕೊಳ್ಳಬಾರದು. ನಮ್ಮ ಸೋದರಮಾವ ಸತ್ತಾಗ ಚಾಗ್ಗ ನೆಂಟರು ಬಂದು ಹೂಳುವ ಗುಂಡಿಯಲ್ಲಿ ತಾವೇ ಮಲಗಿ, ಒಂದು ಹುಂಜ ಕೊಡುವವರೆಗೂ ಏಳಲಿಲ್ಲ. ಅತ್ತೆ ಅಳುತ್ತಳುತ್ತಲೇ ನಕ್ಕುಬಿಟ್ಟರು. ಇನ್ನು ಗಂಡು ಹೆಣ್ಣು ಎದುರಾದರಂತೂ "ನನ್ನ ಹೆಂಡ್ತಿ", "ನನ್ನ ಗಂಡ" ಎಂದೇ ಮಾತು. ಬಸ್ಸಿನಲ್ಲಿ, ಸಂತೆಯಲ್ಲಿ, ಚರ್ಚಿನ ಬಾಗಿಲಲ್ಲಿ ದಿನಕ್ಕೆ ಎಷ್ಟು ಮದುವೆಗಳು ಹೀಗೆ ಆಗಿಹೋಗುತ್ತವೋ! ಅಂಥವಳ ಎದುರು ನಿಂತು ನಿಜವಾದ ಮದುವೆಯ ಮಾತನ್ನು ಹೇಗೆ ಆಡುವುದು?

ಲಾರಿ ಕಾಲೇಜಿನ ಗೇಟಿನೊಳಗೆ ನುಗ್ಗಿದಾಗ ಐಕಾಂಡೆ ಬಿಳಿ ಕೋಟು ತೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಗುಂಡಗಿನ ಮುಖ, ನಗುವಾಗ ಮುಚ್ಚಿಯೇ ಹೋಗುವ ಕಣ್ಣು.

"ಬಂದ್ರಪ್ಪಾ ಬೆಟ್ಟದ ಹಸಿದ ಜನ! ಒಳಗೆ ಬಿಡೋ ಮುಂಚೆ ನಮ್ಮ ಗೊನೆಗಳನ್ನೆಲ್ಲ ಎಣಿಸಿಟ್ಕೊಳ್ಳಿ!"

ಎಲಿಫಾಸಿ ಮೇಷ್ಟರು ಲಾರಿಯಿಂದ ಹಾರಿದರು. "ನಿಮ್ಮ ಬಾಳೆಕಾಯಿ ಯಾರಿಗೆ ಬೇಕಮ್ಮಾ? ತಿಂದೂ ತಿಂದೂ ನೀವೇ ಅದರ ಹಾಗೆ ಬಾಗಿಹೋಗಿದೀರಿ."

"ಓಹೋ, ನನ್ನ ಗಂಡ! ಹೋದ ಸಲ ನಮ್ಮ ಹುಂಜ ನಿನ್ನ ಬೂಟಿನ ಮೇಲೆ ಹಿಕ್ಕೆ ಹಾಕಿತ್ತಲ್ಲ, ಕೋರ್ಟಿಗೆ ಹೋದ್ಯಾ?" ಪಾರೆಯವರು ಸಣ್ಣದಕ್ಕೂ ದಾವೆ ಹೂಡುತ್ತಾರೆಂಬುದು ಚಾಗ್ಗರ ಹಳೆಯ ಕುಚೋದ್ಯ.

"ಹೋಗದೆ ಇರ್ತೀನಾ? ಹುಂಜಕ್ಕೆ ಇನ್ನೂ ವಕೀಲ ಸಿಕ್ಕಿಲ್ಲ, ಅದಕ್ಕೇ ತಡ."

ಮಕ್ಕಳು ಕಿರುಚಿ ಕುಣಿದರು. ನಕಿಯೆಟೆ ಎಂಬ ಚೂಟಿ ಹುಡುಗಿ, "ಟೀಚರ್, ನಮ್ಮ ಮೇಷ್ಟ್ರು ನಿಮಗೋಸ್ಕರ ಷೂ ಪಾಲಿಶ್ ಮಾಡ್ಕೊಂಡು ಬಂದಿದಾರೆ!" ಎಂದು ಕೂಗಿದಳು. ಅದು ನಿಜವಾಗಿತ್ತು. ಎಲ್ಲರೂ ಷೂ ನೋಡಿದರು, ಮತ್ತೂ ನಕ್ಕರು.

ಮೊದಲು ಬಾಳೆಸಸಿ ಬೆಳೆಸುವ ಕೋಣೆಗೆ ಹೋದೆವು. ಗೋಡೆಯುದ್ದಕ್ಕೂ ಗಾಜಿನ ಬಾಟಲಿಗಳು. ಒಂದೊಂದರಲ್ಲೂ ಬೆರಳುದ್ದದ ಹಸಿರು ಸಸಿ. ಗೆಡ್ಡೆಯ ಒಂದು ಚೂರಿನಿಂದ ರೋಗವಿಲ್ಲದ ನೂರಾರು ಸಸಿಗಳನ್ನು ಹೇಗೆ ಎಬ್ಬಿಸುತ್ತಾರೆಂದು ಐಕಾಂಡೆ ಹೇಳಿದಳು. ಮಕ್ಕಳು ಬಾಟಲಿಗಳಿಗೆ ಮೂಗು ಒತ್ತಿ ನಿಂತರು. ಈ ಗಲಾಟೆಯಲ್ಲಿ ಎಲಿಫಾಸಿ ಮೇಷ್ಟರು ಅವಳ ಹತ್ತಿರ ಸರಿದು ಗಂಟಲು ಸರಿಮಾಡಿಕೊಂಡರು.

"ಐಕಾಂಡೆ, ನಾನಿವತ್ತು ನಿನ್ನನ್ನ ಮದುವೆ ಆಗ್ತೀಯಾ ಅಂತ ಕೇಳೋಕೇ ಬಂದಿದೀನಿ."

"ಅಯ್ಯೋ ದೇವರೇ, ಮರೆತೇಬಿಟ್ಯಾ?" ಎಂದು ಅವಳು ಕೋಣೆಗೆಲ್ಲ ಕೇಳುವಂತೆ ಕೂಗಿದಳು. "ಹೋದ ವರ್ಷಾನೇ ಆಯ್ತಲ್ಲೋ ನಮ್ಮ ಮದುವೆ! ಇಗೋ, ಮಕ್ಕಳು ಬಾಟಲೀಲಿದಾವೆ. ಯಾವ್ಯಾವುದು ನಿನ್ನ ಹಾಗಿದೆ ನೋಡಿ ಮನೆಗೆ ಕರ್ಕೊಂಡು ಹೋಗು."

ಅಲ್ಲಿ ಸುಮ್ಮನಿರಬೇಕಾಗಿತ್ತು. ನಾಲಿಗೆ ಕೇಳಬೇಕಲ್ಲ! ಮೇಷ್ಟರು ಒಂದು ಬಾಟಲಿಯನ್ನು ಎತ್ತಿ, ಸಸಿಯ ಅಗಲವಾದ ಎರಡು ಎಲೆಗಳನ್ನು ನೋಡಿ, "ಇದು ನಂದೇ. ಕಿವಿ ನೋಡು," ಎಂದುಬಿಟ್ಟರು. ಐಕಾಂಡೆ ಮೇಜು ಹಿಡಿದುಕೊಂಡು ನಕ್ಕಳು. ಬಾಟಲಿ ತೊಳೆಯುತ್ತಿದ್ದ ಹೆಂಗಸರು ನಕ್ಕರು. ನಕ್ಕವರಲ್ಲಿ ಜೋರು ದನಿ ಮೇಷ್ಟರದೇ. ಹೊರಗೆ ಬಂದ ಮೇಲೆ ಹಣೆ ಚಚ್ಚಿಕೊಂಡರು.

ಊಟಕ್ಕೆ ಅತ್ತಿಯ ಮರದ ಕೆಳಗೆ ಹಂಡೆ ಇಳಿಸಿದೆವು. ಐಕಾಂಡೆ ಬಂದವಳೇ ಮೇಷ್ಟರ ಕೈಯಲ್ಲಿದ್ದ ತಟ್ಟೆಯನ್ನು ಕಿತ್ತುಕೊಂಡು ತಿನ್ನತೊಡಗಿದಳು. ಉತಾನಿಯಲ್ಲಿ ಅದಕ್ಕೆ ಹಕ್ಕುಂಟು. ನಾನು ಮೇಷ್ಟರನ್ನು ಪಕ್ಕಕ್ಕೆ ಎಳೆದೆ.

"ಏನಯ್ಯಾ, ನಗದೆ ಹೇಳು. ಮುಖ ಗಟ್ಟಿ ಮಾಡ್ಕೊಂಡು ಹೇಳು."

ಮುಖ ಗಟ್ಟಿ ಮಾಡಿಕೊಂಡರು. ಹುಬ್ಬು ಗಂಟಿಕ್ಕಿದರು, ತುಟಿ ಬಿಗಿದರು, ಉಸಿರು ಕಟ್ಟಿ ಅವಳ ಮುಂದೆ ಹೋಗಿ ನಿಂತರು. ಐಕಾಂಡೆ ತಲೆಯೆತ್ತಿ ನೋಡಿ ಗಾಬರಿಯಾದಳು.

"ಏನಾಯ್ತೋ? ಹೊಟ್ಟೆನೋವಾ? ಮಲಗ್ತೀಯಾ? ನಮ್ಮಲ್ಲಿ ದನದ ಡಾಕ್ಟ್ರು ಇದಾರೆ, ಕರೀಲಾ?"

ಮೇಷ್ಟರ ಉಸಿರು ಪುಸ್ಸೆಂದು ಹೊರಬಿತ್ತು, ಜೊತೆಗೆ ನಗುವೂ. "ದನದ ಡಾಕ್ಟ್ರೇ ಸರಿ. ನಿಮ್ಮೂರಲ್ಲಿ ಜನಕ್ಕೂ ಅವರೇ ಅಲ್ವಾ ನೋಡೋದು?" ಎಂದರು. ಮರದ ಕೆಳಗೆ ಮತ್ತೆ ಗದ್ದಲ. ನಕಿಯೆಟೆಗೆ ಮಕಾಂಡೆ ನೆತ್ತಿಗೇರಿ, ಗೆಳತಿಯರು ಅವಳ ಬೆನ್ನು ಗುದ್ದಬೇಕಾಯಿತು.

ಆ ಮೇಲೆ ಕಾಫಿ ತೋಟದ ಕಡೆ ನಡೆಯುತ್ತಿದ್ದಾಗ ಮೇಷ್ಟರ ಕಣ್ಣು ಒಂದು ಬೇಲಿಯ ಮೇಲೆ ಬಿತ್ತು. ಎರಡು ತಾಕುಗಳ ನಡುವೆ ಗಡಿಗಾಗಿ ಇಸಾಲೆ ಗಿಡ ನೆಟ್ಟಿದ್ದರು. ಉದ್ದುದ್ದ ಕತ್ತಿಯಂಥ ಹಸಿರು ಎಲೆ. ಚಾಗ್ಗರಿಗೆ ಆ ಎಲೆ ಪವಿತ್ರವಾದದ್ದು. ಅದನ್ನು ಮುಂದಿಟ್ಟುಕೊಂಡು ಯಾವ ಚಾಗ್ಗನೂ ಸುಳ್ಳಾಡುವುದಿಲ್ಲ, ತಮಾಷೆಯನ್ನಂತೂ ಮಾಡುವುದೇ ಇಲ್ಲ. ಇಷ್ಟು ಮೇಷ್ಟರಿಗೆ ಗೊತ್ತಿತ್ತು. ಎಲೆಗೆ ಗಂಟು ಹಾಕಿ ಕೊಡುತ್ತಾರೆಂಬುದನ್ನೂ ಎಲ್ಲೋ ನೋಡಿದ್ದರು. ಯಾವಾಗ ಕೊಡುತ್ತಾರೆ, ಯಾತಕ್ಕೆ ಕೊಡುತ್ತಾರೆ ಎಂಬುದನ್ನು ಮಾತ್ರ ಕೇಳಿ ತಿಳಿದಿರಲಿಲ್ಲ. ನಾನು ನೋಡನೋಡುತ್ತಿದ್ದಂತೆ ಒಂದೆಲೆ ಕಿತ್ತು, ಗಂಟು ಹಾಕಿ, ಎರಡೂ ಕೈಯಲ್ಲಿ ಹಿಡಿದು, ಐಕಾಂಡೆಯ ಮುಂದೆ ತಲೆ ತಗ್ಗಿಸಿ ನಿಂತರು. ಈ ಸಲ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಎಲೆಯೇ ಎಲ್ಲವನ್ನೂ ಹೇಳಲಿ ಎಂದುಕೊಂಡರು.

ಐಕಾಂಡೆಯ ನಗು ಅಲ್ಲೇ ನಿಂತಿತು. ಹುಡುಗಿಯರಿಗೆ ಏನೋ ಹೇಳಿ ನಗಿಸುತ್ತಿದ್ದವಳು ಆ ಮಾತನ್ನೂ ಅರ್ಧಕ್ಕೇ ಬಿಟ್ಟು, ಎಲೆಯನ್ನು ಎರಡೂ ಕೈಯಿಂದ ತೆಗೆದುಕೊಂಡಳು.

"ಮೇಷ್ಟ್ರೇ," ಎಂದಳು. ಅಷ್ಟು ಹೊತ್ತೂ ಅವರನ್ನು ಅವಳು ಹಾಗೆ ಕರೆದಿರಲಿಲ್ಲ. "ಇಷ್ಟಕ್ಕೆಲ್ಲ ಇಸಾಲೆ ಯಾಕೆ ತಂದ್ರಿ? ನಿಮ್ಮ ಮಾತಿಂದ ನನಗೇನೂ ಬೇಜಾರಾಗಿರ್ಲಿಲ್ಲ. ಆದ್ರೆ ಎಲೆ ಕೊಟ್ಟು ಕ್ಷಮೆ ಕೇಳಿದ ಮೇಲೆ ಇಲ್ಲ ಅನ್ನೋ ಹಾಗಿಲ್ಲ. ಕ್ಷಮಿಸಿದೀನಿ. ಮಕ್ಕಳ ಮುಂದೆ ನಂದೂ ಸ್ವಲ್ಪ ಜಾಸ್ತಿಯಾಯ್ತು. ಇನ್ನು ನಾನು ಅಂಥ ಮಾತಾಡಲ್ಲ."

ಮೇಷ್ಟರು ತಿರುಗಿ ನನ್ನ ಮುಖ ನೋಡಿದರು. ಗಂಟು ಹಾಕಿದ ಇಸಾಲೆ ಕ್ಷಮೆ ಬೇಡುವ ಎಲೆ! ಅದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮುಂದಿನ ಪ್ರವಾಸ ಹೇಗಿತ್ತೆಂದು ಕೇಳಬೇಡಿ. ಐಕಾಂಡೆ ಎಲೆಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು, ಇನ್ಸ್‌ಪೆಕ್ಟರು ಎದುರಿಗಿದ್ದಾರೋ ಎಂಬಂತೆ ಪಾಠ ಮಾಡಿದಳು. "ಕಾಫಿ ಗಿಡದ ಈ ಕೊಂಬೆಯನ್ನು ಹೀಗೆ ಸವರಬೇಕು, ಮೇಷ್ಟ್ರೇ." "ಇದು ಮಿಶ್ರಗೊಬ್ಬರ, ದಯವಿಟ್ಟು ಇತ್ತ ಬನ್ನಿ, ಮೇಷ್ಟ್ರೇ." ಗೊಬ್ಬರದ ಗುಂಡಿಯ ಎದುರು ನಿಂತೂ ಎಲಿಫಾಸಿ ಮೇಷ್ಟರು ತುಟಿ ಬಿಚ್ಚಲಿಲ್ಲ. ಮಕ್ಕಳಿಗೆ ಏನೋ ತಪ್ಪಿದೆ ಎನ್ನಿಸಿತು. "ನಮ್ಮ ಮೇಷ್ಟ್ರಿಗೆ ಯಾರೋ ಬೀಗ ಹಾಕಿಬಿಟ್ಟಿದಾರೆ," ಎಂದು ನಕಿಯೆಟೆ ಪಿಸುಗುಟ್ಟಿದಳು. ಕೇಳಬೇಕಾದ್ದನ್ನು ಕೇಳಲಾಗಲಿಲ್ಲ, ಇದ್ದ ನಗುವೂ ಕೈಬಿಟ್ಟು ಹೋಯಿತು.

ಬಿಸಿಲು ಇಳಿಯಿತು. ಮಕ್ಕಳು ಲಾರಿ ಹತ್ತಿದರು. ಶಾಲೆಯ ತೋಟಕ್ಕೆಂದು ಐಕಾಂಡೆ ಒಂದು ಗೋಣಿ ಬಾಳೆಕಂದು ತಂದು ಲಾರಿಯ ಪಕ್ಕದಲ್ಲಿಟ್ಟಳು. ಮೇಷ್ಟರು ಅದನ್ನು ಎತ್ತಲು ಬಾಗಿದವರು ಎತ್ತದೆಯೇ ನೆಟ್ಟಗಾದರು.

"ನೀವು ದಕ್ಷಿಣಕ್ಕೆ ಹೋಗ್ತೀರಂತೆ," ಎಂದರು.

"ಹೂಂ. ಕಾಗದ ಬಂದಿದೆ. ಇನ್ನೂ ಸಹಿ ಹಾಕಿಲ್ಲ."

"ನೀವು ಹೋದ್ರೆ ನನಗೆ ಕಷ್ಟವಾಗುತ್ತೆ."

ಐಕಾಂಡೆ ಕಾದಳು. ಮಾತಿನ ಕೊನೆಗೆ ನಗೆ ಬರಬೇಕಲ್ಲ!

"ಮುಂದೆ?" ಎಂದಳು.

"ಮುಂದೆ ಏನೂ ಇಲ್ಲ. ಅಷ್ಟೇ. ಹೋದ ವರ್ಷದಿಂದ ನಿಮ್ಮದೇ ಯೋಚನೆ. ಮದುವೆಯಾಗ್ತೀರಾ ಅಂತ ಬೆಳಗ್ಗಿಂದ ಕೇಳ್ತಾನೇ ಇದೀನಿ."

ಲಾರಿಯ ಮೇಲೆ ಗುಸುಗುಸು ನಿಂತಿತು. ಡ್ರೈವರು ಎಂಜಿನ್ ಆರಿಸಿದ. ಉತಾನಿಯಲ್ಲಿ ಎಲೆ ಕೊಟ್ಟು ಕ್ಷಮೆ ಕೇಳಿಯಾದ ಮೇಲೆ ಇಬ್ಬರ ನಡುವೆ ಕುಚೋದ್ಯ ಉಳಿಯುವುದಿಲ್ಲ. ಬೆಳಗ್ಗೆ ಎಷ್ಟು ಸಲ ಹೇಳಿದರೂ ನಗೆಯಾಗಿ ಹೋಗುತ್ತಿದ್ದ ಮಾತು ಈಗ ಇದ್ದದ್ದು ಇದ್ದಂತೆಯೇ ಅವಳಿಗೆ ಕೇಳಿಸಿತು. ಪೆದ್ದುತನದಿಂದ ಕಿತ್ತ ಎಲೆ ಇಷ್ಟು ಕೆಲಸ ಮಾಡಿತ್ತು.

ಐಕಾಂಡೆ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಹಾಗಾದ್ರೆ ಆ ಎಲೆ ಕೊಟ್ಟಿದ್ದು ಕ್ಷಮೆಗಲ್ವಾ?"

"ಅಲ್ಲ. ಮದುವೆಗೇ."

ಅವಳು ಗೋಣಿಯ ಮೇಲೆ ಕುಸಿದು ಕುಳಿತಳು. ಮುಖ ಮುಚ್ಚಿಕೊಂಡು, ಭುಜ ಕುಲುಕಿಸಿ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. "ಮದುವೆಗೆ ಯಾರಾದ್ರೂ ಇಸಾಲೆ ಕೊಡ್ತಾರೇನೋ, ಬೆಟ್ಟದ ಪೆದ್ದೇ! ಮಧ್ಯಾಹ್ನ ಪೂರ್ತಿ ನಾನು ಎಷ್ಟು ಬೇಜಾರು ಮಾಡ್ಕೊಂಡೆ ಗೊತ್ತಾ? ಇನ್ನು ಇವನು ನನ್ನ ಹತ್ರ ಜಗಳಾನೇ ಆಡಲ್ವಲ್ಲ ಅಂತ!"

"ಟೀಚರ್, ಹೂಂ ಅನ್ನಿ!" ಎಂದು ನಕಿಯೆಟೆ ಲಾರಿಯಿಂದ ಕೂಗಿದಳು. ಮಕ್ಕಳೆಲ್ಲ ಹಲಗೆ ಬಡಿಯುತ್ತ, "ಹೂಂ ಅನ್ನಿ! ಹೂಂ ಅನ್ನಿ!" ಎಂದು ಶುರುಮಾಡಿದರು.

"ನಂದು ಹೂಂ," ಎಂದಳು ಐಕಾಂಡೆ, ಕಣ್ಣೊರೆಸಿಕೊಳ್ಳುತ್ತ. "ಆದ್ರೆ ಅಪ್ಪ ಒಪ್ಪಬೇಕು. ಅವರು ನನ್ನ ಹತ್ತರಷ್ಟು ಕುಚೇಷ್ಟೆ. ಅವರ ಮುಂದೆ ಒಂದೇ ಒಂದು ಸಲ ಬಾಯಿಬಿಟ್ಯೋ, ಇವನೂ ತಮಾಷೆಗೆ ಬಂದವನೇ ಅಂತ ಎದ್ದು ಹೋಗ್ತಾರೆ. ಅಪ್ಪ ಒಪ್ಪಿದ್ರೆ ಆ ಕಾಗದಕ್ಕೆ ಸಹಿ ಹಾಕಲ್ಲ."

ಲಾರಿ ಬೆಟ್ಟ ಹತ್ತುವವರೆಗೂ ಮಕ್ಕಳು ಹಾಡಿದ ಹಾಡನ್ನು ನಾನು ಇಲ್ಲಿ ಬರೆಯಲಾರೆ. ಅದರಲ್ಲಿ ಮೇಷ್ಟರ ಕಿವಿಗಳ ವರ್ಣನೆಯೇ ಹೆಚ್ಚಾಗಿತ್ತು.

ಮದುವೆಯ ಮಾತನ್ನು ವರನ ಪರವಾಗಿ ಒಬ್ಬ ಹಿರಿಯನು ಆಡಬೇಕು, ವರನು ಸುಮ್ಮನೆ ಕುಳಿತಿರಬೇಕು ಎಂಬುದು ನಮ್ಮ ಕಡೆಯ ಕ್ರಮ. ಆ ಹಿರಿಯನಾಗಿ ಮುಂದಿನ ಶನಿವಾರ ನಾನು ಹೋದೆ. ಶಾವೊ ಯಜಮಾನರು ತಮ್ಮ ಬಾಳೆತೋಟದ ನೆರಳಿನಲ್ಲಿ ಮಣೆಯ ಮೇಲೆ ಕುಳಿತಿದ್ದರು. ಕುಳ್ಳಗೆ, ದಪ್ಪಗೆ, ಮಗಳಂತೆಯೇ ಮುಚ್ಚಿಹೋಗುವ ಕಣ್ಣು. ನಾನು ಮಾತು ಶುರುಮಾಡುವುದೇ ತಡ, ಅವರು ನನ್ನನ್ನು ಬಿಟ್ಟು ಎಲಿಫಾಸಿ ಮೇಷ್ಟರ ಕಡೆ ತಿರುಗಿದರು.

"ಇದೇನು, ಪಾರೆಯವರು ಎರಡು ಕಾಲಿನ ಮೇಲೆ ಬಂದಿದೀರಿ? ಮೇಕೆ ಹತ್ತಿ ಬರಲಿಲ್ವೇ?"

ಮೇಷ್ಟರ ಕುತ್ತಿಗೆಯ ನರ ಉಬ್ಬಿತು. ಮಾತಾಡಲಿಲ್ಲ.

"ನಿಮ್ಮ ಬೆಟ್ಟದಲ್ಲಿ ಈಗಲೂ ಅವರೆಕಾಳನ್ನ ಒಬ್ಬೊಬ್ಬರಿಗೆ ಒಂದೊಂದು ಅಂತ ಹಂಚ್ತೀರಂತಲ್ಲ?"

ಮೇಷ್ಟರ ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ನಿಂತಿತು. ಬಾಗಿಲ ಮರೆಯಲ್ಲಿ ಐಕಾಂಡೆ ಹೊದ್ದಿದ್ದ ಖಾಂಗಾ ಬಟ್ಟೆಯ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದುದು ನನಗೆ ಕಾಣಿಸುತ್ತಿತ್ತು.

"ಕಿವಿ ನೋಡಿದ್ರೆ ಗಾಳಿ ಬಂದಾಗ ಹಾರಿಹೋಗೋ ಹಾಗಿದೀಯ. ನನ್ನ ಮಗಳು ನಿನ್ನನ್ನ ಹಗ್ಗ ಕಟ್ಟಿ ಇಟ್ಕೋಬೇಕೇನಯ್ಯಾ?"

ಮೇಷ್ಟರು ಎರಡೂ ಕೈಯಿಂದ ತಾವು ಕುಳಿತ ಮಣೆಯ ಅಂಚನ್ನು ಹಿಡಿದುಕೊಂಡರು. ನಾನು ಮಾತು ಮುಂದುವರಿಸಿದೆ. ಏನು ಹೇಳಿದೆನೋ ನನಗೆ ನೆನಪಿಲ್ಲ, ನನ್ನ ಗಮನವೆಲ್ಲ ಆ ಬಾಯಿಯ ಮೇಲೇ ಇತ್ತು. ಯಜಮಾನರು ಮಗಳನ್ನು ಕರೆದರು.

"ಏನೇ ಇದು, ಮೂಗನನ್ನ ಹುಡುಕಿದೀಯ?"

"ಇಲ್ಲಪ್ಪಾ. ನಿಜವಾಗ್ಲೂ ಕೇಳೋಕೆ ಬಂದಿದಾನೆ. ಅದಕ್ಕೇ ಸುಮ್ನಿದಾನೆ."

ಮುದುಕರು ಬಹಳ ಹೊತ್ತು ಮೇಷ್ಟರ ಮುಖವನ್ನೇ ನೋಡಿದರು. ಆ ಮೇಲೆ ಬಾಳೆಹಣ್ಣಿನ ಮದ್ಯ ತುಂಬಿದ ಸೋರೆಬುರುಡೆಯನ್ನು ಎತ್ತಿ, ತಾವೊಂದು ಗುಟುಕು ಕುಡಿದು, ಮೇಷ್ಟರ ಕೈಗೆ ಕೊಟ್ಟರು. ಹೆಣ್ಣಿನ ತಂದೆ ತಾನು ಕುಡಿದ ಬುರುಡೆಯನ್ನು ಕೊಟ್ಟರೆ ಮಾತು ಮುಗಿದಂತೆ. ಐಕಾಂಡೆ ಅಲ್ಲೇ ಒಂದು ಸಲ ಗಿರ್ರನೆ ತಿರುಗಿದಳು.

ಎಲಿಫಾಸಿ ಮೇಷ್ಟರು ಕಣ್ಣು ಮುಚ್ಚಿ ಕುಡಿದರು. ಬುರುಡೆ ಇಳಿಸಿದರು. ತುಟಿ ಒರೆಸಿಕೊಂಡರು. ಬೆಳಗಿನಿಂದ ಕಟ್ಟಿಕೊಂಡಿದ್ದುದೆಲ್ಲ ಅಣೆಕಟ್ಟು ಒಡೆದಂತೆ ಬಂತು.

"ಮಾವಾ, ಇದನ್ನ ನಮ್ಮ ಬೆಟ್ಟದಲ್ಲಿ ಕರುಗಳಿಗೆ ಕೊಡ್ತೀವಿ, ಅದೂ ಅವಕ್ಕೆ ಜ್ವರ ಬಂದಾಗ. ಇನ್ನು ಮೇಕೆ ವಿಷಯ ಕೇಳಿದ್ರಲ್ಲ, ಹತ್ತಿ ಬರಬೇಕು ಅಂತಲೇ ಇದ್ದೆ, ಅದು ನಿಮ್ಮೂರಿಗೆ ಅಂದ ತಕ್ಷಣ ಮಲಗಿಬಿಡ್ತು, ಮರ್ಯಾದಸ್ಥ ಮೇಕೆ..."

"ಬಂತು, ಬಂತು!" ಎಂದು ಶಾವೊ ಯಜಮಾನರು ತೊಡೆ ತಟ್ಟಿಕೊಂಡು ಎದ್ದು ನಿಂತರು. "ಬಾರಯ್ಯಾ ಅಳಿಯಾ, ಈಗ ಬಾ! ಎಲ್ಲಿಂದ ಶುರು ಮಾಡೋಣ ಹೇಳು!"